ರಸ್ತೆಗಿಂತ ಕೆಳಗಿನ ಬಚ್ಚಲು

ಬೆಂಗಳೂರು ಸಮತಟ್ಟಾದ ಊರಲ್ಲ. ವೃಷಭಾವತಿ, ಕೋರಮಂಗಲ–ಚಲ್ಲಘಟ್ಟ, ಹೆಬ್ಬಾಳ ಎಂಬ ಕಣಿವೆಗಳು ಊರನ್ನು ಹಂಚಿಕೊಂಡಿವೆ. ಒಳಚರಂಡಿ ಬಹುಪಾಲು ಆ ಇಳಿಜಾರುಗಳನ್ನೇ ನಂಬಿ ಹರಿಯುತ್ತದೆ. ಆದರೆ ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಏರಿದ ಬಡಾವಣೆಗಳಲ್ಲಿ, ಮೂವತ್ತು–ನಲವತ್ತರ ನಿವೇಶನ ಸಾಲದೆ ನೆಲದೊಳಕ್ಕೆ ಒಂದು ಅಂತಸ್ತು ಇಳಿದ ಮನೆಗಳಲ್ಲಿ, ಬಚ್ಚಲು ಬೀದಿಯ ಚರಂಡಿಗಿಂತ ಕೆಳಗಿರುತ್ತದೆ. ಅಲ್ಲಿಯ ಹೊಲಸು ತಾನಾಗಿ ಹೋಗದು. ಗುಂಡಿಯಲ್ಲಿ ಕೂಡಿಸಿ, ಪಂಪಿನಿಂದ ಮೇಲೆತ್ತಿ ಬೀದಿಯ ಮ್ಯಾನ್‌ಹೋಲಿಗೆ ದಾಟಿಸಬೇಕು. ಅಂಥ ಪಂಪು ನಿಂತ ದಿನ ಒಂದು ಮನೆಯಲ್ಲಿ ನಡೆದ ಮಾತು ಇದು. ಒಬ್ಬರು ಮನೆಯ ಯಜಮಾನರು, ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿ ನಿವೃತ್ತರಾದ ಮೇಷ್ಟ್ರು. ಇನ್ನೊಬ್ಬ ಸಬ್‌ಮರ್ಸಿಬಲ್ ಪಂಪು ಬಿಚ್ಚಿ ಕಟ್ಟುವುದನ್ನೇ ಕಸುಬಾಗಿಸಿಕೊಂಡ ಮೆಕ್ಯಾನಿಕ್. ಇಬ್ಬರ ಮಾತಿನಲ್ಲೂ ನನಗೆ ನಿಜ ಕಂಡಿತು. ಅದಕ್ಕೇ ಇಬ್ಬರನ್ನೂ ಮಾತಾಡಲು ಬಿಟ್ಟಿದ್ದೇನೆ.

ಮೆಕ್ಯಾನಿಕ್: ಮುಚ್ಚಳ ಯಾವಾಗ ತೆಗೆದ್ರಿ ಸಾರ್?

ಮೇಷ್ಟ್ರು: ಬೆಳಿಗ್ಗೆ. ನೀನು ಬರೋದು ತಡ ಅಂದೆ. ಗ್ಲೌಸು, ಗಮ್‌ಬೂಟು ಎಲ್ಲಾ ತಂದಿಟ್ಟಿದ್ದೀನಿ ನೋಡು. ನಮ್ಮ ಮನೆ ಹೊಲಸು, ನಾವೇ ತೆಗೀಬೇಕು. ಇನ್ನೊಬ್ಬರ ಕೈಗೆ ಯಾಕೆ ಹಚ್ಚಬೇಕು ಅದನ್ನ?

ಮೆಕ್ಯಾನಿಕ್: ಒಳಗೆ ಬಗ್ಗಿ ನೋಡಿದ್ರಾ?

ಮೇಷ್ಟ್ರು: ನೋಡಿದೆ. ಮೊದಲು ಕೊಳೆತ ಮೊಟ್ಟೆ ವಾಸನೆ ಹೊಡೀತು. ಆಮೇಲೆ ಅಷ್ಟೇನೂ ಬರಲಿಲ್ಲ.

ಮೆಕ್ಯಾನಿಕ್: ಆ ಬರಲಿಲ್ಲ ಅಂದ್ರಲ್ಲ, ನನಗೆ ಭಯ ಅದೇ. ವಾಸನೆ ಹೋಯ್ತು ಅಂದ್ರೆ ಗಾಳಿ ತಿಳಿಯಾಯ್ತು ಅಂತಲ್ಲ, ಮೂಗು ಸೋತಿರಬಹುದು. ನೀವು ವಿಜ್ಞಾನದ ಮೇಷ್ಟ್ರು, ನಾನು ಹೇಳಬೇಕಾ?

ಮೇಷ್ಟ್ರು: ಹೈಡ್ರೋಜನ್ ಸಲ್ಫೈಡು. ಪಾಠ ಮಾಡಿದ್ದೀನಪ್ಪ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲಿಗಿಂತ ಕಡಿಮೆ ಇದ್ರೂ ಮೂಗಿಗೆ ತಿಳಿಯುತ್ತೆ. ನೂರರ ಸುಮಾರಿಗೆ ಹೋದರೆ ವಾಸನೆ ಹಿಡಿಯೋ ನರವೇ ಮಂಕಾಗುತ್ತೆ. ಐನೂರು ದಾಟಿದರೆ ಮನುಷ್ಯ ಬೀಳ್ತಾನೆ. ಸಾವಿರದ ಹತ್ತಿರ ಇದ್ರೆ ಒಂದೆರಡು ಉಸಿರು ಸಾಕು. ಗಾಳಿಗಿಂತ ಭಾರ, ತಳದಲ್ಲೇ ಕೂತಿರುತ್ತೆ.

ಮೆಕ್ಯಾನಿಕ್: ಇಷ್ಟೆಲ್ಲಾ ಗೊತ್ತಿದ್ದೂ ಬಗ್ಗಿದ್ರಿ.

ಮೇಷ್ಟ್ರು: ಇಳೀಲಿಲ್ಲವಲ್ಲ. ಮೇಲಿಂದ ನೋಡಿದೆ.

ಮೆಕ್ಯಾನಿಕ್: ಗುಂಡಿ ಆರಡಿ ಇದೆ. ಇರೋದು ನೆಲಮಾಳಿಗೆ ಮೂಲೇಲಿ, ಕಿಟಕಿ ಇಲ್ಲ. ಗಾಳಿ ಪೈಪು ತಾರಸಿ ತನಕ ಹೋಗಬೇಕಿತ್ತು, ನಿಮ್ಮದು ಕಾಂಪೌಂಡ್ ಗೋಡೆ ತನಕ ಬಂದು ನಿಂತಿದೆ. ತಲೆ ತಿರುಗಿ ಬಿದ್ದಿದ್ರೆ ನಿಮ್ಮನ್ನ ಎತ್ತೋಕೆ ಮಗ ಇಳೀತಿದ್ದ, ಮಗನ್ನ ಎತ್ತೋಕೆ ಕೆಳಗಿನ ಬಾಡಿಗೆ ಹುಡುಗ್ರು ಇಳೀತಿದ್ರು. ಪೇಪರಲ್ಲಿ ಓದ್ತೀರಲ್ಲ, ಒಬ್ಬ ಸತ್ತ ಅಂತ ಕಮ್ಮಿ, ಇಬ್ಬರು ಮೂವರು ಅಂತಲೇ ಜಾಸ್ತಿ. ಮಿಕ್ಕೋರು ಎತ್ತೋಕೆ ಹೋಗಿ ಸತ್ತೋರೇ. ಹೊಲಸು ಮುಟ್ಟೋಕೆ ನಾನು ಬೇಡ ಅನ್ನಲ್ಲ. ಆದ್ರೆ ಇಳಿಯೋದು ಬೇಡ, ಬಗ್ಗೋದೂ ಬೇಡ. ನಾನು ಇಳಿಯಲ್ಲ, ಯಾರನ್ನೂ ಇಳಿಸಲ್ಲ. ಪಂಪು ಸರಪಳೀಲಿ ಮೇಲೆ ಬರಬೇಕು. ಬರದಿದ್ರೆ ಹೊಲಸು ಹೀರೋ ಹನಿಸಕ್ಕರ್ ಲಾರಿ ತರಿಸಿ ಗುಂಡಿ ಖಾಲಿ ಮಾಡಿಸಿ, ಬ್ಲೋವರ್ ಇಟ್ಟು, ಆಮೇಲೆ ಮೇಲಿಂದಲೇ ಕೊಕ್ಕೆ ಹಾಕೋದು.

ಮೇಷ್ಟ್ರು: ಅದು ನಿನ್ನ ಔದಾರ್ಯ ಅಲ್ಲ, ಕಾನೂನು. 2013ರ ಕಾಯ್ದೆ ಪ್ರಕಾರ ಮ್ಯಾನ್‌ಹೋಲಿಗೋ ಶೌಚದ ಗುಂಡಿಗೋ ಮನುಷ್ಯನನ್ನ ರಕ್ಷಣೆ ಇಲ್ಲದೆ ಇಳಿಸಿದವನಿಗೆ ಮೊದಲ ಸಲವೇ ಎರಡು ವರ್ಷದ ತನಕ ಜೈಲು, ಇಲ್ಲ ಎರಡು ಲಕ್ಷದ ತನಕ ದಂಡ, ಇಲ್ಲ ಎರಡೂ. ನಗರಸಭೆಗೆ ಮಾತ್ರ ಅಂತ ಬಹಳ ಜನ ತಿಳಿದಿದ್ದಾರೆ. ಮನೆ ಯಜಮಾನನಿಗೂ ಅಷ್ಟೇ.

ಮೆಕ್ಯಾನಿಕ್: ಕಾಯ್ದೆ ಬಂದ ಮೇಲೂ ನಾನು ಇಳಿದಿದ್ದೀನಿ ಸಾರ್. ಹೊಟ್ಟೆಪಾಡು. ರಾತ್ರಿ ಹತ್ತಕ್ಕೆ ಫೋನು ಬರೋದು, ಮನೇಲಿ ಮದುವೆ, ನೆಂಟರು ಬಂದಿದ್ದಾರೆ, ಎರಡು ಸಾವಿರ ಜಾಸ್ತಿ ಕೊಡ್ತೀವಿ ಅನ್ನೋರು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಇಳೀತಿದ್ದೆ. ಕರವಸ್ತ್ರ ಆ ಗ್ಯಾಸನ್ನ ತಡೆಯಲ್ಲ ಅಂತ ನನಗೆ ಯಾರೂ ಹೇಳಿರಲಿಲ್ಲ.

ಮೇಷ್ಟ್ರು: ಸತ್ತವರ ಮನೆಗೆ ಹತ್ತು ಲಕ್ಷ ಕೊಡಿ ಅಂತ ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು. 2023ರಲ್ಲಿ ಅದನ್ನ ಮೂವತ್ತು ಲಕ್ಷಕ್ಕೆ ಏರಿಸಿತು. ಮೊತ್ತ ಏರಿಸಬೇಕಾಗಿ ಬಂತು ಅಂದ್ರೆ ಸಾವು ನಿಂತಿಲ್ಲ ಅಂತ. ಅದಕ್ಕೇ ಹೇಳೋದು, ಕಾನೂನು ಸಾಲದು. ಈ ನಾಡಲ್ಲಿ ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ, ಎಪ್ಪತ್ತರ ದಶಕದಲ್ಲೇ, ಮಲ ಹೊರೋದನ್ನ ನಿಲ್ಲಿಸಲು ಹೊರಟರು. ಅಷ್ಟಾಗಿಯೂ 2010ರಲ್ಲಿ ಸವಣೂರಿನಲ್ಲಿ ಭಂಗಿ ಜನ ತಮ್ಮ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತು. ಈ ಕೆಲಸದ ವಿರುದ್ಧ ದೇಶಾನೇ ಅಲೆದ ಬೆಜವಾಡ ವಿಲ್ಸನ್ ನಮ್ಮ ಕೆಜಿಎಫ್‌ನವರು, ಅದೇ ಕೆಲಸ ಮಾಡಿದ ಮನೆಯಲ್ಲಿ ಹುಟ್ಟಿದವರು. ಹೊಲಸು ಮಾಡೋನೊಬ್ಬ, ಬಳಿಯೋನೊಬ್ಬ ಅನ್ನೋ ಲೆಕ್ಕ ನಮ್ಮ ತಲೇಲಿ ಇರೋ ತನಕ ಕಾಯ್ದೆ ಕಾಗದದಲ್ಲೇ. ಅದನ್ನ ಮುರಿಯೋಕೆ ಒಂದೇ ದಾರಿ, ಯಜಮಾನ ತನ್ನ ಕೈ ಹಾಕಬೇಕು.

ಮೆಕ್ಯಾನಿಕ್: ಒಳ್ಳೇ ಮಾತು. ಆದ್ರೆ ನೀವು ಒಂದು ದಿನ ಮುಟ್ಟಿದ್ರೆ ಜನ ಹೊಗಳ್ತಾರೆ, ನಾನು ದಿನಾ ಮುಟ್ಟಿದ್ರೆ ಲೋಟ ಬೇರೆ ಇಡ್ತಾರೆ. ನಿಮ್ಮ ಕೈ ಹೊಲಸಾದ ಮಾತ್ರಕ್ಕೆ ನನ್ನ ಲೋಟ ಬದಲಾಗಲ್ಲ. ನನಗೆ ಬೇಕಿರೋದು ಬೇರೆ. ಸರಿಯಾದ ಕೂಲಿ, ಕಾಯೋ ತಾಳ್ಮೆ, ನಾನು ಆಗಲ್ಲ ಅಂದಾಗ ಆಗಲ್ಲ ಅಂತ ಒಪ್ಪಿಕೊಳ್ಳೋದು. ಇದು ಕಸುಬು. ಡಾಕ್ಟರ ಮನೆಗೆ ಹೋಗಿ ಸೂಜಿ ಕೊಡಿ ನಾನೇ ಚುಚ್ಚಿಕೊಳ್ತೀನಿ ಅಂತೀರಾ?

ಮೇಷ್ಟ್ರು: ಸಕ್ಕರೆ ಕಾಯಿಲೆಯವರು ದಿನಾ ಚುಚ್ಚಿಕೊಳ್ತಾರೆ. ಡಾಕ್ಟರೇ ಕಲಿಸಿ ಕಳಿಸ್ತಾರೆ.

ಇಲ್ಲಿ ಮಾತು ನಿಂತು ಕೆಲಸ ಶುರುವಾಯಿತು. ಪಂಪಿನ ಎಂಸಿಬಿ ಇಳಿಸಿ, ಪ್ಲಗ್ಗು ಕಿತ್ತು, ಮೇಲಿನ ಎರಡು ಅಂತಸ್ತಿನಲ್ಲೂ ಯಾರೂ ನಲ್ಲಿ ತಿರುಗಿಸಬಾರದೆಂದು ಕೂಗಿ ಹೇಳಿದ್ದಾಯಿತು. ನೆಲಮಾಳಿಗೆಯ ಬಾಗಿಲಿಗೆ ಬ್ಲೋವರ್ ಇಟ್ಟರು. ಮೆಕ್ಯಾನಿಕ್‌ನ ಜೊತೆ ಬಂದ ಹುಡುಗ ಬಕೆಟ್ಟು, ಬ್ರಷ್ಷು, ಬ್ಲೀಚಿಂಗ್ ಪುಡಿ ಇಳಿಸಿಕೊಂಡ.

ಮೆಕ್ಯಾನಿಕ್: ಕೊನೇಲಿ ಪಂಪು ಹೇಗಿತ್ತು ಹೇಳಿ. ಓಡ್ತಾನೇ ಇರಲಿಲ್ಲವಾ, ಗುಂಯ್ ಅಂತಿತ್ತಾ, ಓಡಿದ್ರೂ ನೀರು ಇಳೀತಿರಲಿಲ್ಲವಾ?

ಮೇಷ್ಟ್ರು: ಓಡ್ತಿತ್ತು. ನೀರು ಇಳೀತಿರಲಿಲ್ಲ. ಆಮೇಲೆ ಬಿಸಿಯಾಗಿ ತಾನೇ ನಿಂತುಬಿಡೋದು, ಸ್ವಲ್ಪ ಹೊತ್ತಿಗೆ ಮತ್ತೆ ಶುರು.

ಮೆಕ್ಯಾನಿಕ್: ಇದನ್ನೇ ಎಲ್ಲರೂ ಹೇಳಬೇಕು ಸಾರ್, ಯಾರೂ ಹೇಳಲ್ಲ. ಕೆಟ್ಟಿದೆ ಬನ್ನಿ ಅಂತಾರೆ ಅಷ್ಟೇ. ಓಡದೇ ಇದ್ರೆ ಫ್ಲೋಟು ಎಲ್ಲೋ ಸಿಕ್ಕಿಕೊಂಡಿರುತ್ತೆ, ಇಲ್ಲಾ ಕರೆಂಟು ಬರ್ತಿಲ್ಲ. ಗುಂಯ್ ಅಂದು ತಿರುಗದಿದ್ರೆ ಕೆಪಾಸಿಟರ್ ಹೋಗಿದೆ, ಇಲ್ಲಾ ಇಂಪೆಲ್ಲರಿಗೆ ಏನೋ ಗಟ್ಟಿಯಾಗಿ ಸಿಕ್ಕಿದೆ. ಓಡಿದ್ರೂ ನೀರು ಹೋಗದಿದ್ರೆ ಬಾಯಿ ಕಟ್ಟಿದೆ, ನೀರನ್ನ ಹಿಂದಕ್ಕೆ ಬಿಡದ ಎನ್‌ಆರ್‌ವಿ ಅಂಟಿಕೊಂಡಿದೆ, ವಾಲ್ವು ಯಾರೋ ಮುಚ್ಚಿದ್ದಾರೆ, ಇಲ್ಲಾ ಗಾಳಿ ತುಂಬಿಕೊಂಡಿದೆ. ಮೇಲೆ ನಿಂತು, ಕಿವಿಯಿಂದಲೇ ಇಷ್ಟು ತಿಳೀಬಹುದು. ಕೋಲಲ್ಲಿ ಫ್ಲೋಟನ್ನ ಎತ್ತಿ ನೋಡಬಹುದು. ಅದಕ್ಕೆ ನಾನು ಬೇಡ.

ಮೇಷ್ಟ್ರು: ನೋಡಿದೆಯಾ, ನೀನೇ ಪಾಠ ಹೇಳ್ತಿದ್ದೀಯ. ನನ್ನ ವಾದವೂ ಅದೇ.

ಮೆಕ್ಯಾನಿಕ್: ಮುಚ್ಚಳದ ಹೊರಗಿನದು ನಿಮ್ಮದು, ಒಳಗಿನದು ನನ್ನದು. (ಹುಡುಗನಿಗೆ) ಎಳಿಯೋ, ಸರಪಳಿ ಹಿಡ್ಕೋ. ಕೇಬಲ್ ಮುಟ್ಟಬೇಡ! ಕೇಬಲ್ ಹಿಡಿದು ಎತ್ತಿದ್ರೆ ಅದು ಪಂಪಿನೊಳಗೆ ಹೋಗೋ ಜಾಗ ಸಡಿಲ ಆಗುತ್ತೆ, ಆಮೇಲೆ ನೀರು ಅಲ್ಲಿಂದಲೇ ಇಳಿಯುತ್ತೆ. ಎಷ್ಟೋ ಪಂಪು ಸುಡೋದು ಎತ್ತುವಾಗ ಮಾಡಿದ ತಪ್ಪಿಂದ.

ಪಂಪು ಮೇಲೆ ಬಂತು. ಒಂದು ಎಚ್‌ಪಿಯದು, ಐವತ್ತು ಮಿಲಿಮೀಟರ್ ಗಾತ್ರದ ಗಟ್ಟಿ ಪದಾರ್ಥವನ್ನೂ ದಾಟಿಸುವಂತೆ ಮಾಡಿದ್ದು. ಬಾಯಿಗೆ ಹೆಣೆದ ಹಗ್ಗದಂತೆ ಏನೋ ಸುತ್ತಿಕೊಂಡಿತ್ತು. ಮಲ ಅಲ್ಲ, ಕಾಗದ ಅಲ್ಲ. ಒದ್ದೆ ವೈಪ್ಸು, ಕೂದಲು, ಹಲ್ಲು ತಿಕ್ಕುವ ದಾರ, ಅಡುಗೆ ಎಣ್ಣೆಯ ಜಿಡ್ಡು ಒಂದಕ್ಕೊಂದು ಹೆಣೆದುಕೊಂಡು ಬಂದದ್ದು. ಮನುಷ್ಯನ ದೇಹದಿಂದ ಬಂದದ್ದನ್ನು ಈ ಯಂತ್ರ ಸರಾಗವಾಗಿ ದಾಟಿಸುತ್ತದೆ. ಅಂಗಡಿಯಿಂದ ಬಂದದ್ದರ ಮುಂದೆ ಸೋಲುತ್ತದೆ. ಇದನ್ನು ಪ್ರತಿ ಮನೆಯ ಫ್ಲಶ್ಶಿನ ಮೇಲೆ ಬರೆದಿಡಬೇಕೆನ್ನಿಸಿತು ನನಗೆ.

ಮೇಷ್ಟ್ರು: ಕೆಳಗಿನ ಹುಡುಗರದೇ ಕೆಲಸ ಇದು. ಬಾಡಿಗೆಗೆ ಕೊಡುವಾಗಲೇ ಹೇಳಿದ್ದೆ, ಕಮೋಡಿಗೆ ಏನೂ ಹಾಕಬೇಡಿ ಅಂತ.

ಮೆಕ್ಯಾನಿಕ್: ವೈಪ್ಸು ಯಾರದ್ದು ಅಂತ ವೈಪ್ಸು ಹೇಳಲ್ಲ ಸಾರ್. ಮೇಲಿನ ಲೈನೂ ಇದೇ ಗುಂಡಿಗೆ ಬೀಳುತ್ತಲ್ಲ. ಮೊಮ್ಮಗು ಬಂದಿತ್ತು ಅಂದ್ರಿ ಮೊನ್ನೆ ಫೋನಲ್ಲಿ. ಮೂರು ಹುಡುಗರ ರೂಮಲ್ಲಿ ಮಗುವಿನ ವೈಪ್ಸು ಯಾಕೆ ಇರುತ್ತೆ?

ಮೇಷ್ಟ್ರು: ಪ್ಯಾಕೆಟ್ಟಿನ ಮೇಲೆ ಫ್ಲಶ್ ಮಾಡಬಹುದು ಅಂತ ಬರೆದಿತ್ತು.

ಮೆಕ್ಯಾನಿಕ್: ಫ್ಲಶ್ ಆಗುತ್ತೆ, ಕರಗಲ್ಲ. ಬಹಳ ವೈಪ್ಸುಗಳಲ್ಲಿ ಪಾಲಿಯೆಸ್ಟರ್ ದಾರ ಇರುತ್ತೆ. ಕಾಗದ ನೀರಲ್ಲಿ ಬಿಟ್ಟುಕೊಳ್ಳುತ್ತೆ, ಇದು ಇನ್ನಷ್ಟು ಗಟ್ಟಿಯಾಗಿ ಹೊಸೆದುಕೊಳ್ಳುತ್ತೆ. ಆ ಹುಡುಗರಿಗೆ ಬೈದಿದ್ರೆ ಹೋಗಿ ತಪ್ಪು ಅಂತ ಹೇಳಿಬನ್ನಿ.

ಮೇಷ್ಟ್ರು: ಹೇಳ್ತೀನಿ. ಈಗ ಇದನ್ನ ರಿಪೇರಿ ಮಾಡ್ತೀಯಾ, ಹೊಸದು ಹಾಕು ಅಂತೀಯಾ?

ಮೆಕ್ಯಾನಿಕ್: ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದೆ ನೋಡಿ. ಸೀಲು ದಾಟಿ ನೀರು ಒಳಗೆ ಹೋಗಿದೆ. ವೈಂಡಿಂಗಿನ ಇನ್ಸುಲೇಶನ್ ನೋಡೋಕೆ ಮೆಗ್ಗರ್ ಹಾಕಬೇಕು. ಒಂದು ಮೆಗಾಓಮ್‌ಗಿಂತ ಕೆಳಗೆ ತೋರಿಸಿದ್ರೆ ಇದನ್ನ ನಾನು ನೀರಿಗೆ ಬಿಡಲ್ಲ. ನನ್ನ ಕೇಳಿದ್ರೆ ಹೊಸದೇ ವಾಸಿ.

ಮೇಷ್ಟ್ರು: ನನ್ನ ಕೇಳಿದ್ರೆ ರಿಪೇರಿ. ಐಸಾಕ್ ಶೋನ್ ಅನ್ನೋ ಇಂಜಿನಿಯರು 1878ರಲ್ಲಿ ಒತ್ತಿದ ಗಾಳಿಯಿಂದ ಹೊಲಸು ಎತ್ತೋ ಯಂತ್ರಕ್ಕೆ ಹಕ್ಕುಪತ್ರ ತೆಗೆದ. ರಂಗೂನಿನ ಚರಂಡಿಗೆಲ್ಲಾ ಅದೇ ಹಾಕಿದರು. ಲಂಡನ್ನಿನ ಸಂಸತ್ ಭವನದ ನೆಲಮಾಳಿಗೇಲಿ 1888ರಲ್ಲಿ ಕೂರಿಸಿದ್ದು ಈ ಶತಮಾನದಲ್ಲೂ ಕೆಲಸ ಮಾಡ್ತಿದೆ. ನೂರಕ್ಕೂ ಮೇಲ್ಪಟ್ಟು ವರ್ಷ. ಈ ಪಂಪಿಗೆ ಆರು ವರ್ಷ ಕೂಡ ಆಗಿಲ್ಲ, ಬಿಸಾಡು ಅಂತೀಯ.

ಮೆಕ್ಯಾನಿಕ್: ಅದನ್ನ ದಿನಾ ನೋಡಿಕೊಳ್ಳೋಕೆ ಸಂಬಳದ ಜನ ಇರ್ತಾರಲ್ಲ ಅಲ್ಲಿ?

ಮೇಷ್ಟ್ರು: ಇರ್ತಾರೆ. ಅದನ್ನ ತೆಗೆದು ಹೊಸದು ಹಾಕಬೇಕು ಅಂತ ಅಲ್ಲೂ ಬಹಳ ಕಾಲದಿಂದ ಚರ್ಚೆ ಇದೆ, ಅದೂ ನಿಜವೇ.

ಮೆಕ್ಯಾನಿಕ್: ಅಷ್ಟೇ ಮತ್ತೆ. ಬಾಳಿಕೆ ಕಬ್ಬಿಣದಲ್ಲಿ ಅರ್ಧ, ನೋಡಿಕೊಳ್ಳೋನಲ್ಲಿ ಅರ್ಧ. ನೀವು ಆರು ತಿಂಗಳಿಗೊಂದು ಸಲ ಎತ್ತಿಸಿ ತೊಳೆಸ್ತೀನಿ ಅಂದ್ರೆ ಸೀಲು, ಬೇರಿಂಗು ಬದಲಾಯಿಸಿ ಕೊಡ್ತೀನಿ, ಇನ್ನೂ ಬಾಳುತ್ತೆ. ಎತ್ತಿಸಲ್ಲ ಅಂದ್ರೆ ಹೊಸದು ಹಾಕಿದ್ರೂ ಇದೇ ಗತಿ.

ಪಂಪು ತೊಳೆಯುವ ಕೆಲಸ ಆಗಲೇ ನಡೆದಿತ್ತು. ಹುಡುಗ ಅಂಗಳದ ಮೂಲೆಯಲ್ಲಿ ಕೂತು, ಸುತ್ತಿದ್ದನ್ನೆಲ್ಲ ಕತ್ತರಿಸಿ ತೆಗೆದು, ಬ್ರಷ್ಷಿನಿಂದ ಉಜ್ಜುತ್ತಿದ್ದ. ಮೆಕ್ಯಾನಿಕ್ ಮೆಗ್ಗರಿನ ಪೆಟ್ಟಿಗೆ ತೆರೆದ. ಮೇಷ್ಟ್ರು ಹುಡುಗನನ್ನೂ ಪೆಟ್ಟಿಗೆಯನ್ನೂ ನೋಡಿ ತಗ್ಗಿದ ದನಿಯಲ್ಲಿ ಕೇಳಿದರು.

ಮೇಷ್ಟ್ರು: ಒಂದು ಕೇಳ್ತೀನಿ, ಬೇಸರ ಮಾಡ್ಕೋಬೇಡ. ಹೋದ ಸಲವೂ ತೊಳೆದದ್ದು ಇವನೇ. ಸ್ಪ್ಯಾನರ್ ಮೀಟರ್ ನಿನ್ನ ಕೈಲಿ, ಬ್ರಷ್ಷು ಇವನ ಕೈಲಿ.

ಮೆಕ್ಯಾನಿಕ್: ಅವನಿಗೆ ವೈರಿಂಗ್ ಬರಲ್ಲ.

ಮೇಷ್ಟ್ರು: ಕಲಿಸಿದ್ದೀಯಾ?

ಮೆಕ್ಯಾನಿಕ್: ಅವನು ಕೇಳಿಲ್ಲ.

ಮೇಷ್ಟ್ರು: ಮೊದಲ ದಿನ ಬ್ರಷ್ಷು ಕೊಡು ಅಂತ ಅವನು ಕೇಳಿದ್ದನಾ?

ಮೆಕ್ಯಾನಿಕ್: (ಸ್ವಲ್ಪ ತಡೆದು) ಅವನ ಅಪ್ಪ ಪೌರಕಾರ್ಮಿಕ. ಬೇರೆ ಹುಡುಗರು ಎರಡೇ ದಿನಕ್ಕೆ ಬಿಟ್ಟು ಹೋಗ್ತಿದ್ರು. ಇವನು ಹೇಸಿಕೊಳ್ಳಲ್ಲ ಅಂತ ಕರ್ಕೊಂಡೆ.

ಮೇಷ್ಟ್ರು: ನೋಡು, ಜಾತಿ ನೋಡಿ ಕರೆದೆ ಅಂತ ನೀನು ಅನ್ನಲ್ಲ. ಹೇಸಿಕೊಳ್ಳಲ್ಲ ಅಂತೀಯ. ನಿನ್ನ ಲೋಟ ಬೇರೆ ಇಟ್ಟರು ಅಂತ ನೊಂದುಕೊಂಡೆಯಲ್ಲ, ಇವನಿಗೆ ನೀನು ಕೊಟ್ಟಿರೋದು ಏನು?

ಮೆಕ್ಯಾನಿಕ್: ನೀವು ಹೇಳಿದ್ದು ಸುಳ್ಳು ಅನ್ನಲ್ಲ. ಚುಚ್ಚುತ್ತೆ, ಆದ್ರೆ ಸುಳ್ಳಲ್ಲ. ಈಗ ನಾನು ಕೇಳ್ತೀನಿ. ಇವತ್ತು ಮೆಗ್ಗರ್ ಅವನು ಹಿಡೀಲಿ, ರೀಡಿಂಗ್ ಅವನು ಓದಲಿ, ಸೀಲು ಅವನು ಕೂರಿಸಲಿ. ತಪ್ಪಿದ್ರೆ ಸುಡೋದು ನಿಮ್ಮ ಪಂಪು. ಒಪ್ಪಿಗೆನಾ?

ಮೇಷ್ಟ್ರು: ನೀನು ಪಕ್ಕದಲ್ಲಿ ನಿಂತು ಎರಡನೇ ಸಲ ನೋಡಬೇಕು.

ಮೆಕ್ಯಾನಿಕ್: ಅದಕ್ಕೆ ಹೊತ್ತು ಹಿಡಿಯುತ್ತೆ. ಹೊತ್ತಿಗೆ ಕೂಲಿ ಇದೆ.

ಮೇಷ್ಟ್ರು: ಕೊಡ್ತೀನಿ.

ಮೆಕ್ಯಾನಿಕ್: ನೀವು ಕೊಡ್ತೀರಿ. ಮುಂದಿನ ಮನೆಯವರು ಕೊಡಲ್ಲ, ಬೇಗ ಮುಗಿಸಿ ಹೊರಡು ಅಂತಾರೆ. ಕಲಿಯೋರ ತಪ್ಪಿಗೆ ದುಡ್ಡು ಕೊಡೋರು ಯಾರು ಅನ್ನೋದನ್ನ ಯಾರೂ ಇತ್ಯರ್ಥ ಮಾಡಿಲ್ಲ ಸಾರ್. ಐಟಿಐಗೆ ಸೇರಿಸೋಣ ಅಂದ್ರೆ ಅವನ ಮನೆಗೆ ದಿನದ ದುಡ್ಡು ಬೇಕು.

ಹುಡುಗ ಕೈ ತೊಳೆದು ಬಂದ. ಮೆಗ್ಗರ್ ಹಿಡಿದ. ಎರಡೂ ಸಲ ಓದಿದ ಅಂಕಿ ಒಂದೇ ಇತ್ತು, ಒಂದು ಮೆಗಾಓಮ್‌ಗಿಂತ ಸಾಕಷ್ಟು ಮೇಲೆ. ವೈಂಡಿಂಗ್ ಉಳಿದಿದೆ ಎಂದಾಯಿತು. ಇಷ್ಟರಿಂದ ಅವನ ಬದುಕು ತಿರುಗಿತು ಎಂದು ನಾನು ಬರೆಯಲಾರೆ. ಒಂದು ಮಧ್ಯಾಹ್ನ ಬ್ರಷ್ಷಿನ ಜೊತೆಗೆ ಮೀಟರೂ ಅವನ ಕೈಗೆ ಬಂತು ಎಂದಷ್ಟೇ ಹೇಳಬಲ್ಲೆ.

ಮೆಕ್ಯಾನಿಕ್: ಇಲ್ಲಿ ಬನ್ನಿ, ಈ ಪೈಪ್ ನೋಡಿ. ಎನ್‌ಆರ್‌ವಿಗೆ ಕೆಳಗೆ, ಪಂಪಿಗೆ ಸ್ವಲ್ಪ ಮೇಲೆ. ಇಲ್ಲಿ ಐದು ಮಿಲಿಮೀಟರಿನ ಒಂದು ತೂತು ಇತ್ತು. ಯಾರೋ ಎಂ-ಸೀಲ್ ಮೆತ್ತಿದ್ದಾರೆ.

ಮೇಷ್ಟ್ರು: ನಿನಗಿಂತ ಮುಂಚೆ ಬರ್ತಿದ್ದ ಪ್ಲಂಬರ್ ಮೆತ್ತಿದ್ದು. ಪೈಪು ಸೋರ್ತಿದೆ ಅಂತ ಮುಚ್ಚಿ, ಅದಕ್ಕೆ ಬೇರೆ ದುಡ್ಡು ತಗೊಂಡ.

ಮೆಕ್ಯಾನಿಕ್: ಅದು ಸೋರಬೇಕು ಸಾರ್. ಪಂಪು ನಿಂತಾಗ ಮೇಲಿನ ನೀರನ್ನ ಎನ್‌ಆರ್‌ವಿ ತಡೆಹಿಡಿಯುತ್ತೆ. ಕೆಳಗೆ ಪಂಪಿನ ಹೊಟ್ಟೇಲಿ ಗಾಳಿ ಸಿಕ್ಕಿಕೊಂಡ್ರೆ ಮುಂದಿನ ಸಲ ಇಂಪೆಲ್ಲರ್ ಗಾಳೀಲೇ ತಿರುಗುತ್ತೆ, ನೀರು ಎತ್ತಲ್ಲ. ಆ ಗಾಳಿ ಹೊರಗೆ ಹೋಗೋಕೆ ಇರೋ ದಾರಿ ಈ ತೂತು. ಪಂಪು ಓಡುವಾಗ ಇಲ್ಲಿಂದ ಸಣ್ಣಗೆ ಚಿಮ್ಮುತ್ತೆ, ಚಿಮ್ಮಿದ್ದು ಗುಂಡಿಗೇ ಬೀಳುತ್ತೆ, ನಷ್ಟ ಇಲ್ಲ. ನಿಮ್ಮ ಪಂಪು ಬಿಸಿಯಾಗಿ ನಿಲ್ತಿದ್ದದ್ದಕ್ಕೆ ವೈಪ್ಸು ಅರ್ಧ ಕಾರಣ, ಇದು ಅರ್ಧ.

ಮೇಷ್ಟ್ರು: ಈಗ ಹೇಳು. ಮುಚ್ಚಳದ ಒಳಗಿನದು ನನ್ನದು ಅಂದೆ. ಈ ತೂತು ಮುಚ್ಚಿದ್ದು ನಾನಲ್ಲ, ದುಡ್ಡು ತಗೊಂಡ ಕಸುಬಿನವನು. ಅದು ಯಾಕಿದೆ ಅಂತ ನನಗೆ ಗೊತ್ತಿದ್ದಿದ್ರೆ ಅವನ ಕೈ ಹಿಡೀತಿದ್ದೆ. ಕೈ ಹಾಕಬೇಡಿ ಅಂದೆ, ಒಪ್ಪಿದೆ. ತಿಳಕೊಳ್ಳೋದೂ ಬೇಡ ಅಂದ್ರೆ ಒಪ್ಪಲ್ಲ.

ಮೆಕ್ಯಾನಿಕ್: ತಿಳಕೊಳ್ಳಬೇಡಿ ಅಂತ ನಾನು ಯಾವತ್ತೂ ಅಂದಿಲ್ಲ.

ಮೇಷ್ಟ್ರು: ಅಂದಿಲ್ಲ, ಆದರೆ ತಿಳಿಸಿಯೂ ಇಲ್ಲ. ಈ ಆರು ವರ್ಷದಲ್ಲಿ ಮೂರು ಜನ ಬಂದು ಹೋದಿರಿ. ಗುಂಡಿ, ಪಂಪು, ವಾಲ್ವು ಎಲ್ಲೆಲ್ಲಿದೆ ಅಂತ ಒಂದು ಚಿತ್ರ ಬರೆದು ಗೋಡೆಗೆ ಅಂಟಿಸಿದವರು ಯಾರೂ ಇಲ್ಲ. ತಿಳಿಸಿದ್ರೆ ಕಸುಬು ಹೋಗುತ್ತೆ ಅನ್ನೋ ಅಳುಕು.

ಮೆಕ್ಯಾನಿಕ್: ಅಳುಕು ಇದೆ. ಚಿತ್ರ ನೋಡಿಕೊಂಡು ಯಜಮಾನರು ಪೇಟೆಯಿಂದ ಕಡಿಮೆ ಕೂಲಿಯವನನ್ನ ಕರೆತಂದು, ಇಳಿ ಒಳಗೆ, ನಾನು ಹೇಳ್ತೀನಿ ಅಂದದ್ದನ್ನೂ ಕಂಡಿದ್ದೀನಿ. ತಿಳಿದೋರು ಎಲ್ಲಾ ನಿಮ್ಮ ಹಾಗೆ ಇರಲ್ಲ. ಬರೆದು ಅಂಟಿಸ್ತೀನಿ. ಕೆಳಗೆ ಯಾರೂ ಇಳಿಯಬಾರದು ಅಂತಾನೂ ಬರೀತೀನಿ, ದೊಡ್ಡದಾಗಿ.

ಸೀಲು ಬಂತು, ಕೂತಿತು. ತೂತು ಮತ್ತೆ ತೆರೆಯಿತು. ಪಂಪು ಸರಪಳಿಯಲ್ಲಿ ಇಳಿದು, ಬಕೆಟ್ಟಿನಿಂದ ನೀರು ಸುರಿದು, ಫ್ಲೋಟು ಏರಿ, ಮೋಟಾರು ಓಡಿ, ನೀರು ಇಳಿದು, ಎನ್‌ಆರ್‌ವಿ ಒಮ್ಮೆ ಟಪ್ಪೆಂದು ಮುಚ್ಚಿತು. ಅಷ್ಟಕ್ಕೆ ಮುಗಿಯಿತೆಂದುಕೊಂಡರೆ, ನನ್ನ ಮಟ್ಟಿಗೆ ಮಾತಿನ ಗಟ್ಟಿ ಭಾಗ ಆಮೇಲೆ ಬಂತು.

ಮೆಕ್ಯಾನಿಕ್: ರಿಪೇರಿ ಆಯ್ತು, ಆದ್ರೆ ರೋಗ ಇದಲ್ಲ. ಮೇಲಿನ ಎರಡು ಅಂತಸ್ತು ರಸ್ತೆಗಿಂತ ಎತ್ತರದಲ್ಲಿದೆ. ಅವುಗಳ ಕಕ್ಕಸು ನೀರು ಇಳಿಜಾರಲ್ಲಿ ತಾನೇ ಬೀದಿಗೆ ಹೋಗುತ್ತೆ. ಅದನ್ನ ಯಾಕೆ ಕೆಳಗಿಳಿಸಿ ಮತ್ತೆ ಎತ್ತುತ್ತೀರಿ?

ಮೇಷ್ಟ್ರು: ಕಟ್ಟಿದ ಕಂಟ್ರ್ಯಾಕ್ಟರು ಪೈಪು ಉಳಿಸೋಕೆ ಒಂದೇ ಲೈನು ಮಾಡಿದ. ಕಾವೇರಿ ನೀರನ್ನ ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ದೂರ, ಹತ್ತಿರ ಹತ್ತಿರ ಅರ್ಧ ಕಿಲೋಮೀಟರ್ ಎತ್ತರಕ್ಕೆ ಮೂರು ಹಂತದಲ್ಲಿ ಎತ್ತಿ ತರ್ತಾರೆ. ನಾವು ಅದೇ ನೀರನ್ನ ಮೇಲಿನ ಟ್ಯಾಂಕಿಗೆ ಎತ್ತಿ, ಬಳಸಿ, ಗುಂಡಿಗೆ ಬೀಳಿಸಿ, ಮತ್ತೆ ಎತ್ತುತ್ತಿದ್ದೀವಿ.

ಮೆಕ್ಯಾನಿಕ್: ಮೇಲಿನ ಲೈನು ಬೇರೆ ಮಾಡಿ. ಗುಂಡಿಗೆ ಕೆಳಗಿನ ಒಂದು ಬಚ್ಚಲಿನದು ಮಾತ್ರ ಬರಲಿ. ಪಂಪಿನ ಕೆಲಸ ಕಾಲು ಭಾಗಕ್ಕೆ ಇಳಿಯುತ್ತೆ, ಬಾಳಿಕೆ ಹೆಚ್ಚುತ್ತೆ. ಕರೆಂಟು ಹೋದ್ರೂ ನಿಮ್ಮ ಕಮೋಡು ನಿಲ್ಲಲ್ಲ. ಮಳೆಗಾಲದಲ್ಲಿ ಬೀದಿ ಮ್ಯಾನ್‌ಹೋಲು ತುಂಬಿ ಹಿಂದಕ್ಕೆ ಒತ್ತಿದ್ರೂ ಮೇಲಿನೋರಿಗೆ ತಟ್ಟಲ್ಲ. ಇಂಜಿನಿಯರ್ ಯಾರನ್ನ ಕೇಳಿದ್ರೂ ಇದನ್ನೇ ಹೇಳ್ತಾರೆ. ಅಂದಹಾಗೆ ತಾರಸಿ ಮಳೆನೀರು ಎಲ್ಲಿಗೆ ಬಿಟ್ಟಿದ್ದೀರಿ?

ಮೇಷ್ಟ್ರು: ಇಂಗುಗುಂಡಿಗೆ. ಒಳಚರಂಡಿಗೆ ಬಿಟ್ಟಿಲ್ಲ.

ಮೆಕ್ಯಾನಿಕ್: ಒಳ್ಳೇದು. ಬೀದೀಲಿ ಎಲ್ಲರೂ ಹಾಗೆ ಮಾಡಿದ್ರೆ ಮ್ಯಾನ್‌ಹೋಲು ಉಕ್ಕೋದು ಬಹಳ ಕಮ್ಮಿಯಾಗುತ್ತೆ.

ಮೇಷ್ಟ್ರು: ಸರಿ, ಲೈನು ಬೇರೆ ಮಾಡು. ಎಷ್ಟಾಗುತ್ತೆ?

ಮೆಕ್ಯಾನಿಕ್: ಲೆಕ್ಕ ಹಾಕಿ ಹೇಳ್ತೀನಿ. ಆದ್ರೆ ಮಾಡೋ ಮುಂಚೆ ಒಂದು ವಿಷಯ ಹೇಳಬೇಕು, ಕೆಲಸ ಕಳಕೊಂಡ್ರೂ ಚಿಂತೆಯಿಲ್ಲ. ಇವತ್ತು ನನಗೆ ಬೆಳಿಗ್ಗೆಯಿಂದ ಎಷ್ಟು ಸಲ ಫೋನು ಮಾಡಿದ್ರಿ? ಯಾಕೆ? ಮೇಲೆ ನಿಮಗೂ ಫ್ಲಶ್ ಮಾಡೋಕೆ ಆಗ್ತಿರಲಿಲ್ಲ. ಲೈನು ಬೇರೆ ಇರೋ ಮನೆಗಳಿಂದ ನನಗೆ ಫೋನು ಬರೋದು ಮೂರು ದಿನ, ನಾಲ್ಕು ದಿನ ಆದ ಮೇಲೆ. ಆಗ ಕೆಳಗಿನೋರ ಬಚ್ಚಲು ತುಂಬಿ ಕೋಣೆಗೆ ಬಂದಿರುತ್ತೆ. ಕೆಳಗಿರೋದು ಯಾವಾಗಲೂ ಬಾಡಿಗೆಯೋರು, ಡ್ರೈವರು, ವಾಚ್‌ಮನ್ನು. ಒಂದೇ ಗುಂಡಿ ಇದ್ರೆ ಎಲ್ಲರಿಗೂ ಒಂದೇ ತೊಂದರೆ. ಬೇರೆ ಮಾಡಿದ್ರೆ ತೊಂದರೆ ಕೆಳಗಿನೋರಿಗೆ ಮಾತ್ರ.

ಮೇಷ್ಟ್ರು: ತಾಂತ್ರಿಕವಾಗಿ ಸರಿ ಇರೋದು ಹೀಗೂ ತಿರುಗುತ್ತೆ ಅಂತ ನಾನು ಯೋಚಿಸಿರಲಿಲ್ಲ. ಹಾಗಂತ ಕೆಟ್ಟ ವ್ಯವಸ್ಥೇನೇ ಇಟ್ಟುಕೊಳ್ಳೋದಾ? ಎಲ್ಲರಿಗೂ ತೊಂದರೆ ಇದ್ರೇನೇ ನ್ಯಾಯ ಅನ್ನೋದೂ ಸರಿಯಲ್ಲವಲ್ಲ.

ಮೆಕ್ಯಾನಿಕ್: ನಾನೂ ಇಟ್ಟುಕೊಳ್ಳಿ ಅನ್ನಲ್ಲ. ಬೇರೆ ಮಾಡಿದ್ರೆ ಪಂಪು ಕೆಟ್ಟ ದಿನ ಅವರು ನಿಮ್ಮ ಮೇಲಿನ ಬಚ್ಚಲು ಬಳಸಬಹುದು ಅಂತ ಬಾಡಿಗೆ ಕರಾರಲ್ಲೇ ಬರೀರಿ.

ಮೇಷ್ಟ್ರು: ಅದು… ಮನೇಲಿ ಮಾತಾಡಬೇಕು. ಹೆಣ್ಣುಮಕ್ಕಳಿರೋ ಮನೆ. ನಾನೊಬ್ಬನೇ ಹೂಂ ಅನ್ನೋಕಾಗಲ್ಲ.

ಮೆಕ್ಯಾನಿಕ್: ಬೆಳಿಗ್ಗೆ ಗುಂಡಿಗೇ ಕೈ ಹಾಕೋಕೆ ಹೊರಟಿದ್ರಿ.

ಮೇಷ್ಟ್ರು: ಅದು ನನ್ನೊಬ್ಬನ ಕೈ. ಇದು ಇಡೀ ಮನೆಯ ಬಾಗಿಲು. ಕಷ್ಟ ಅಂತ ಹೇಳ್ತಿದ್ದೀನಿ, ಇಲ್ಲ ಅಂತಲ್ಲ. ಎರಡನೇ ಪಂಪು ಹಾಕಿದ್ರೆ? ಒಂದು ನಿಂತರೆ ಇನ್ನೊಂದು.

ಮೆಕ್ಯಾನಿಕ್: ಅದು ಒಳ್ಳೇದು. ದುಡ್ಡಿದ್ರೆ ಹಾಕಿ. ಜೊತೆಗೆ ನೀರು ಮಿತಿ ಮೀರಿ ಏರಿದ್ರೆ ಕೂಗೋ ಅಲಾರಂ ಒಂದು ಬೇಕು, ಅದಕ್ಕೆ ಬೇರೆ ಫ್ಲೋಟು, ಬ್ಯಾಟರಿ. ಸಾಮಾನ್ಯವಾಗಿ ಗುಂಡಿ ಹತ್ತಿರವೇ ಹಾಕ್ತಾರೆ.

ಮೇಷ್ಟ್ರು: ನಮ್ಮ ಅಡುಗೆಮನೇಲಿ ಹಾಕು. ಕೆಳಗೆ ತುಂಬಿದ್ರೆ ಮೇಲೆ ಕೂಗಬೇಕು.

ಮೆಕ್ಯಾನಿಕ್: ಹಾಕ್ತೀನಿ. ಆದ್ರೆ ಅಲಾರಮ್ಮಿಗೆ ಆಫ್ ಮಾಡೋ ಸ್ವಿಚ್ಚು ಇರುತ್ತೆ ಸಾರ್. ಎರಡು ಸಲ ರಾತ್ರಿ ಕೂಗಿದ್ರೆ ಆಫ್ ಮಾಡಿಬಿಡ್ತಾರೆ. ಅಂಥ ಮನೆಗಳಿಗೂ ಹೋಗಿದ್ದೀನಿ.

ಮೇಷ್ಟ್ರು: ಹಾಗಾದ್ರೆ ಇನ್ನೊಂದು ಕೆಳಗೂ ಹಾಕು. ಅವರು ಆಫ್ ಮಾಡಲ್ಲ.

ಮೆಕ್ಯಾನಿಕ್: ಪಂಪಿನ ಕರೆಂಟು ಯಾರ ಮೀಟರಿಂದ ಬರ್ತಿದೆ ಈಗ?

ಮೇಷ್ಟ್ರು: ಕೆಳಗಿನ ಮೀಟರಿಂದ. ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಬಂದ ಮೇಲೆ ಅವರಿಗೆ ಬಿಲ್ಲೇ ಬರ್ತಿಲ್ಲವಲ್ಲ, ಇರಲಿ ಅಂತ ಬಿಟ್ಟೆವು.

ಮೆಕ್ಯಾನಿಕ್: ಅಂದ್ರೆ ಇಷ್ಟು ದಿನ ಮೂರು ಅಂತಸ್ತಿನದನ್ನ ಎತ್ತಿದ್ದು ಅವರ ಯೂನಿಟ್ಟು. ದೊಡ್ಡ ಲೆಕ್ಕವೇನಲ್ಲ, ದಿನಕ್ಕೆ ಅರ್ಧ ಗಂಟೆ ಓಡಿದ್ರೂ ತಿಂಗಳಿಗೆ ಹತ್ತು ಹನ್ನೆರಡು ಯೂನಿಟ್ಟು. ಆದ್ರೂ ಅವರು ಫ್ಯೂಸ್ ತೆಗೆದಿಟ್ಟು ಊರಿಗೆ ಹೋದ್ರೆ ನಿಮ್ಮ ಪಂಪು ನಿಲ್ಲುತ್ತೆ.

ಮೇಷ್ಟ್ರು: ಅದನ್ನ ಇವತ್ತೇ ನಮ್ಮ ಮೀಟರಿಗೆ ಹಾಕು. ಲೈನಿನ ವಿಷಯ ಮನೆಯವರ ಜೊತೆ ಮಾತಾಡಿ ಭಾನುವಾರ ಹೇಳ್ತೀನಿ.

ಮೆಕ್ಯಾನಿಕ್: ಭಾನುವಾರ ಕೆಳಗಿನ ಹುಡುಗರೂ ಇರ್ತಾರೆ. ಅವರನ್ನೂ ಕೂರಿಸಿಕೊಂಡು ಮಾತಾಡಿ.